ಅಂಚಿನ ಚರಿತ್ರೆ: ಜ್ಯಾಮಿತೀಯ ಅಮೂರ್ತ ಚಿತ್ರದಲ್ಲಿ ಬಣ್ಣ ಮತ್ತು ಸರಳತೆ – ಆಂಟಾಪ್ ಹಿಲ್‌ನಿಂದ ಒಂದು ನೋಟ

1. ಪ್ರಾಸ್ತಾವಿಕ

ಒಂದು ಬಣ್ಣ ಮುಗಿದು ಇನ್ನೊಂದು ಬಣ್ಣ ತೊಡಗುವ ಎಡೆಯನ್ನು ಕನ್ನಡದಲ್ಲಿ ಅಂಚು ಎಂದು ಕರೆಯುತ್ತೇವೆ. ಸೀರೆಗೆ ಅಂಚು, ಹೊಲಕ್ಕೆ ಅಂಚು, ಬಾವಿಗೆ ಅಂಚು. ಉತ್ತರ ಕರ್ನಾಟಕದ ನೇಕಾರರ ಮಾತಿನಲ್ಲಿ ಸೀರೆಯ ಅಂಚು ದಡಿಯೆನಿಸುತ್ತದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಸಿದ್ಧಿಗೆ ಬಂದ ಒಂದು ಚಿತ್ರಶೈಲಿ ತನ್ನ ಹೆಸರನ್ನೇ ಅಂಚಿನಿಂದ ಪಡೆದಿದೆ. ಇಂಗ್ಲಿಷಿನಲ್ಲಿ 'ಹಾರ್ಡ್ ಎಜ್' ಎನಿಸಿಕೊಂಡ ಈ ಶೈಲಿಯನ್ನು ಪ್ರಸ್ತುತ ಲೇಖನದಲ್ಲಿ ನಾವು 'ಖಚಿತ ಅಂಚಿನ ಚಿತ್ರ' ಎಂದು ಕರೆದಿದ್ದೇವೆ. ಚೌಕ, ಪಟ್ಟೆ, ತ್ರಿಕೋನಗಳಂಥ ಕೆಲವೇ ಆಕೃತಿಗಳು. ಏರಿಳಿತವಿಲ್ಲದೆ ಸಮನಾಗಿ ಹರಡಿದ ಕೆಲವೇ ಬಣ್ಣಗಳು. ಒಂದು ಬಣ್ಣ ಮತ್ತೊಂದರೊಳಗೆ ಕರಗದಂತೆ ಕಡಿದು ನಿಲ್ಲಿಸಿದ ಅಂಚು – ಇವು ಇದರ ಸ್ಥೂಲ ಲಕ್ಷಣಗಳು.

ಈ ಹೆಸರು ಬಳಕೆಗೆ ಬಂದ ಕಾಲವನ್ನು ಖಚಿತವಾಗಿಯೇ ಹೇಳಬಹುದು. 1959ರಲ್ಲಿ ಲಾಸ್ ಏಂಜಲೀಸ್ ಕೌಂಟಿ ಮ್ಯೂಸಿಯಂನಲ್ಲಿ ಕಾರ್ಲ್ ಬೆಂಜಮಿನ್, ಲೋರ್ಸರ್ ಫೈಟೆಲ್ಸನ್, ಫ್ರೆಡರಿಕ್ ಹ್ಯಾಮರ್ಸ್ಲಿ ಮತ್ತು ಜಾನ್ ಮೆಕ್‌ಲಾಫ್ಲಿನ್ ಎಂಬ ನಾಲ್ವರ ಚಿತ್ರಗಳ ಪ್ರದರ್ಶನ ನಡೆಯಿತು. ಅದರ ಸಂದರ್ಭದಲ್ಲಿ ವಿಮರ್ಶಕ ಜೂಲ್ಸ್ ಲಾಂಗ್ಸ್‌ನರ್ ಈ ಪದವನ್ನು ಪ್ರಯೋಗಿಸಿದನು. ಮರುವರ್ಷ ಆ ಪ್ರದರ್ಶನ ಲಂಡನ್ನಿಗೆ ಹೋದಾಗ ಲಾರೆನ್ಸ್ ಅಲೋವೆ ಪದವನ್ನು ಶೀರ್ಷಿಕೆಗೇ ಏರಿಸಿದನು. ಅಲ್ಲಿಂದ ಮುಂದೆ ಅದು ಕಲಾವಿಮರ್ಶೆಯ ಪರಿಭಾಷೆಯಲ್ಲಿ ನೆಲೆಗೊಂಡಿತು.

ಭಾರತದಲ್ಲಿ ಈ ಬಗೆಯ ಚಿತ್ರಗಳನ್ನು ವಿವರಿಸುವಾಗ ವಿದ್ವಾಂಸರು ಸಾಮಾನ್ಯವಾಗಿ ಎರಡರಲ್ಲಿ ಒಂದು ಹಾದಿಯನ್ನು ಹಿಡಿಯುತ್ತಾರೆ. ಮೊದಲನೆಯದು ಪ್ರಭಾವದ ಹಾದಿ: ಇದು ಅಮೆರಿಕದಿಂದ ಬಂದದ್ದು ಎಂಬ ವಾದ. ಎರಡನೆಯದು ಸಂಕೇತದ ಹಾದಿ: ಇದು ಯಂತ್ರ, ಮಂಡಲ, ಬಿಂದುಗಳ ಪುನರುಜ್ಜೀವನ ಎಂಬ ವಾದ. ಎರಡೂ ಪೂರ್ಣ ಅಸತ್ಯವಲ್ಲ. ಆದರೆ ಎರಡೂ ಒಂದು ಸರಳ ಪ್ರಶ್ನೆಯನ್ನು ಕೇಳುವುದಿಲ್ಲ. ಈ ಅಂಚನ್ನು ಮಾಡಿದ್ದು ಹೇಗೆ? ಯಾವ ಕೈ, ಯಾವ ಉಪಕರಣ, ಯಾವ ಬಣ್ಣ? ಈ ಪ್ರಶ್ನೆಯನ್ನು ಮುಂದಿಟ್ಟರೆ ಜ್ಯಾಮಿತೀಯ ಚಿತ್ರದ ಚರಿತ್ರೆಯೊಳಗೆ ಕರ್ನಾಟಕದ ಕೆಲವು ಕಸುಬುಗಳಿಗೂ, ಅವನ್ನು ನಡೆಸಿದ ಹೆಸರಿಲ್ಲದ ಕೈಗಳಿಗೂ ನ್ಯಾಯವಾದ ಸ್ಥಾನ ದೊರೆಯುತ್ತದೆ ಎಂಬುದು ನಮ್ಮ ಪ್ರತಿಪಾದನೆ.

2. ನೋಡುವ ನೆಲೆ

ಮುಂಬಯಿಯ ಆಧುನಿಕ ಚಿತ್ರಕಲೆಯ ಚರಿತ್ರೆಯನ್ನು ಬಹುಮಟ್ಟಿಗೆ ನಗರದ ದಕ್ಷಿಣ ತುದಿಯಲ್ಲಿ ನಿಂತು ಬರೆಯಲಾಗಿದೆ. 1857ರಲ್ಲಿ ಸ್ಥಾಪನೆಯಾದ ಸರ್ ಜೆ.ಜೆ. ಕಲಾಶಾಲೆ, 1947ರ ಪ್ರೊಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್, 1952ರಲ್ಲಿ ಕಾಲಾ ಘೋಡಾದಲ್ಲಿ ತೆರೆದ ಜಹಾಂಗೀರ್ ಆರ್ಟ್ ಗ್ಯಾಲರಿ – ಈ ಮೂರು ಮೈಲುಗಲ್ಲುಗಳ ನಡುವೆ ಆ ಕಥನ ಸಾಗುತ್ತದೆ. ಅದು ಚಿತ್ರವನ್ನು ತೂಗುಹಾಕಿದ ಗೋಡೆಯ ಚರಿತ್ರೆ. ಬಣ್ಣ ಎಲ್ಲಿ ತಯಾರಾಯಿತು, ಬಟ್ಟೆಗೆ ಅದು ಹೇಗೆ ಹಿಡಿಯಿತು ಎಂಬ ವಿಚಾರಗಳಿಗೆ ಅಲ್ಲಿ ಎಡೆ ಕಡಿಮೆ.

ಆದಕಾರಣ ನಾವು ಬೇರೊಂದು ನೆಲೆಯನ್ನು ಆರಿಸಿಕೊಂಡಿದ್ದೇವೆ. ಆಂಟಾಪ್ ಹಿಲ್ ವಡಾಲಾ ಮತ್ತು ಸಾಯನ್‌ಗಳ ನಡುವೆ ದ್ವೀಪನಗರದ ಪೂರ್ವಭಾಗದಲ್ಲಿರುವ ಒಂದು ಸಣ್ಣ ಗುಡ್ಡ ಮತ್ತು ಅದರ ಸುತ್ತಲಿನ ಬಡಾವಣೆ. ಶೇಖ್ ಮಿಸ್ರಿ ದರ್ಗಾ, ಸೆಕ್ಟರುಗಳ ಸಂಖ್ಯೆಯಿಂದಲೇ ಗುರುತಿಸಿಕೊಳ್ಳುವ ಕೇಂದ್ರ ಸರ್ಕಾರಿ ನೌಕರರ ವಸತಿಗೃಹಗಳು, ಗುಡಿಸಲುಗಳ ಸಾಲು, ಗೋದಾಮುಗಳು – ಕಲಾಚರಿತ್ರೆಯಲ್ಲಿ ಈ ಸ್ಥಳದ ಉಲ್ಲೇಖವೇ ಬರುವುದಿಲ್ಲ. ಆದರೆ ಬಣ್ಣ ಮತ್ತು ಬಟ್ಟೆಗಳ ಚರಿತ್ರೆಯನ್ನು ಬರೆಯುವವನಿಗೆ ಇದು ಅನುಕೂಲವಾದ ನೆಲೆ. ಪಶ್ಚಿಮಕ್ಕೆ ತಗ್ಗಿನಲ್ಲಿ ಮಾಟುಂಗಾ. 1887ರಲ್ಲಿ ಹುಟ್ಟಿದ ವಿಕ್ಟೋರಿಯಾ ಜ್ಯೂಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ 1923ರಲ್ಲಿ ಅಲ್ಲಿಗೆ ಬಂದಿತು. ಅದರ ಪಕ್ಕದಲ್ಲೇ ಮುಂಬಯಿ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗ ನೆಲೆಸಿತು. ಪೂರ್ವಕ್ಕೆ ವಡಾಲಾದ ಉಪ್ಪಿನ ಆಗರಗಳ ಬಯಲು. ಮಣ್ಣಿನ ಬದುಗಳಿಂದ ಚೌಕ ಚೌಕವಾಗಿ ಕಡಿದ ಮಡಿಗಳಲ್ಲಿ ನೀರು ಇಂಗುತ್ತ ಬಂದಂತೆ ಪ್ರತಿ ಮಡಿಯೂ ಬೇರೆ ಬೇರೆ ಬಣ್ಣಕ್ಕೆ ತಿರುಗುವುದನ್ನು ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರಗಳನ್ನು ಕಂಡವರು ಬಲ್ಲರು.

ಈ ಪರಿಸರ ಕನ್ನಡಿಗರಿಗೆ ಹೊಸದಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಲ್ಲಿ ಆರಂಭವಾಯಿತು. ಕರ್ನಾಟಕ ಸಂಘ 1933ರಲ್ಲಿ ಹುಟ್ಟಿತು. ವಡಾಲಾದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆಯಿದೆ. ಕರಾವಳಿಯಿಂದ ಹೋಟೆಲು ಉದ್ಯಮಕ್ಕೆ, ಹಳೆಯ ಮೈಸೂರಿನಿಂದ ಸರ್ಕಾರಿ ನೌಕರಿಗೆ, ಕಲಬುರ್ಗಿ–ವಿಜಯಪುರಗಳ ಕಡೆಯಿಂದ ಕೂಲಿಗೆ ಬಂದ ಕುಟುಂಬಗಳು ನಗರದ ಈ ಭಾಗದಲ್ಲಿ ಸೇರಿಕೊಂಡಿವೆ. ಅವರೊಂದಿಗೆ ಬಂದ ಸೀರೆ, ಕೌದಿ, ರಂಗೋಲಿಗಳೂ ಈ ಲೇಖನದ ವಸ್ತುವಿನ ಭಾಗವೇ ಆಗಿವೆ.

3. ರೇಖೆ ಬೇರೆ, ಅಂಚು ಬೇರೆ

ಮುಂದುವರಿಯುವ ಮುನ್ನ ಒಂದು ವಿವೇಚನೆ ಅವಶ್ಯ. ಮುಂಬಯಿಯ ಕನ್ನಡ ಚಿತ್ರಕಾರರೆಂದೊಡನೆ ನೆನಪಿಗೆ ಬರುವ ಹೆಸರು ಕಟ್ಟಿಂಗೇರಿ ಕೃಷ್ಣ ಹೆಬ್ಬಾರರದು (1911–1996). ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಜನಿಸಿ, ಜೆ.ಜೆ. ಶಾಲೆಯಲ್ಲಿ ಕಲಿತು, ಅಲ್ಲಿಯೇ ಅಧ್ಯಾಪಕರಾಗಿ, ಮುಂಬಯಿಯನ್ನೇ ಕಾರ್ಯಕ್ಷೇತ್ರ ಮಾಡಿಕೊಂಡ ಹೆಬ್ಬಾರರು ಸರಳೀಕರಣದಲ್ಲಿ ಸಿದ್ಧಹಸ್ತರು. ನರ್ತಕಿಯ ಇಡೀ ಭಂಗಿಯನ್ನು ಎರಡು ಮೂರು ಗೆರೆಗಳಲ್ಲಿ ಹಿಡಿದುಕೊಡುವ ಶಕ್ತಿ ಅವರಲ್ಲಿತ್ತು. ಆದರೂ ಅವರನ್ನು ಖಚಿತ ಅಂಚಿನ ಚಿತ್ರಕಾರರ ಸಾಲಿಗೆ ಸೇರಿಸಲಾಗದು. ಅವರ ಸರಳತೆ ರೇಖೆಯ ಸರಳತೆ.

ರೇಖೆಗೆ ತನ್ನದೇ ದಪ್ಪವಿದೆ, ತನ್ನದೇ ಬಣ್ಣವಿದೆ, ಓಟವಿದೆ. ಅಂಚಿಗೆ ಇವಾವುವೂ ಇಲ್ಲ. ಕೆಂಪು ಮುಗಿದು ಬಿಳಿ ಆರಂಭವಾಗುವಲ್ಲಿ ಅಂಚು ಇರುತ್ತದೆ. ಆದರೆ ಅದು ಕೆಂಪೂ ಅಲ್ಲ, ಬಿಳಿಯೂ ಅಲ್ಲ. ಎರಡು ಬಣ್ಣಗಳಿಲ್ಲದೆ ಅಂಚಿಗೆ ಅಸ್ತಿತ್ವವಿಲ್ಲ. ರೇಖೆಯ ಕಲಾವಿದ ಬಣ್ಣವನ್ನು ಬಿಟ್ಟೂ ಕೆಲಸ ಮಾಡಬಲ್ಲ. ಅದಕ್ಕೆ ನಸ್ರೀನ್ ಮೊಹಮ್ಮದಿಯವರ (1937–1990) ಶಾಯಿ ಮತ್ತು ಪೆನ್ಸಿಲಿನ ಕೃತಿಗಳೇ ಸಾಕ್ಷಿ. ಮುಂಬಯಿಯಲ್ಲಿ ಬೆಳೆದು, 1972ರಿಂದ ಬರೋಡಾದಲ್ಲಿ ಬೋಧಿಸಿದ ಅವರು ಕಟ್ಟುನಿಟ್ಟಾದ ಜ್ಯಾಮಿತಿಯನ್ನು ಬಣ್ಣದ ಹಂಗಿಲ್ಲದೆ ಸಾಧಿಸಿದರು. ಖಚಿತ ಅಂಚಿನ ಚಿತ್ರಕಾರನಿಗೆ ಆ ಸ್ವಾತಂತ್ರ್ಯವಿಲ್ಲ. ಅವನ ಆಕೃತಿ ನಿಲ್ಲುವುದು ಬಣ್ಣದ ಮೇಲೆಯೇ.

ಬಣ್ಣವನ್ನು ಬೆರಸದೆ ಬಳಸುವ ವಿಚಾರ ನಮ್ಮ ಶಾಸ್ತ್ರಗ್ರಂಥಗಳಿಗೆ ಅಪರಿಚಿತವಾಗಿರಲಿಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಚಿತ್ರಪ್ರಕರಣ ಶುದ್ಧವರ್ಣ ಮತ್ತು ಮಿಶ್ರವರ್ಣಗಳನ್ನು ಬೇರ್ಪಡಿಸುತ್ತದೆ. ಶಂಖದ ಬಿಳಿ, ಹರಿತಾಳದ ಹಳದಿ, ಕಾಡಿಗೆಯ ಕಪ್ಪು, ಇಂಗುಲಿಕ–ಅರಗು–ಜಾಜುಗಳಿಂದ ಬರುವ ಬಗೆಬಗೆಯ ಕೆಂಪು ಅಲ್ಲಿ ಉಕ್ತವಾಗಿವೆ. ಅದೇ ಪ್ರಕರಣ ಚಿತ್ರದ ಪ್ರಭೇದಗಳನ್ನು ಎಣಿಸುವಾಗ ಪುಡಿಯಿಂದ ಬಿಡಿಸುವ ಧೂಳಿಚಿತ್ರವನ್ನೂ ಸೇರಿಸಿದೆ. ಅಂಗಳದ ಪುಡಿಚಿತ್ರವನ್ನು ಒಬ್ಬ ಅರಸ ಚಿತ್ರವೆಂದೇ ಪರಿಗಣಿಸಿದ್ದು ನಮ್ಮ ವಾದಕ್ಕೆ ಮಹತ್ತ್ವದ ಸಂಗತಿ. ಚಿತ್ರ ಮತ್ತು ಕಸುಬುಗಳ ನಡುವೆ ನಂತರದವರು ಎಳೆದ ಗೆರೆಯನ್ನು ಆ ಗ್ರಂಥ ಎಳೆದಿಲ್ಲ.

4. ಅಂಚನ್ನು ಮಾಡುವ ಮೂರು ವಿಧಾನಗಳು

ಪಾಶ್ಚಾತ್ಯ ಜ್ಯಾಮಿತೀಯ ಚಿತ್ರಕಾರರ ಕೆಲಸವನ್ನು ತಂತ್ರದ ದೃಷ್ಟಿಯಿಂದ ಪರಿಶೀಲಿಸಿದರೆ ಅಂಚು ಮೂರು ವಿಧಾನಗಳಲ್ಲಿ ಸಿದ್ಧವಾಗುತ್ತದೆ.

ಮೊದಲನೆಯದು ಕೈಹಿಡಿತದ ಅಂಚು. ಯೋಸೆಫ್ ಆಲ್ಬರ್ಸ್ 1950ರಿಂದ 1976ರಲ್ಲಿ ತೀರಿಕೊಳ್ಳುವವರೆಗೆ 'ಚೌಕಕ್ಕೆ ನಮನ' ಎಂಬ ಒಂದೇ ಮಾಲಿಕೆಯಲ್ಲಿ ಸಾವಿರಕ್ಕೂ ಮಿಕ್ಕಿ ಚಿತ್ರಗಳನ್ನು ರಚಿಸಿದನು. ಒಂದರೊಳಗೊಂದು ಕುಳಿತ ಮೂರು ಅಥವಾ ನಾಲ್ಕು ಚೌಕಗಳು, ಇದಕ್ಕಿಂತ ಹೆಚ್ಚಿಲ್ಲ. ಒತ್ತಿದ ಮರದ ಹಲಗೆಗೆ ಬಿಳಿಯ ತಳ ಬಳಿದು, ಕೊಳವೆಯಿಂದ ಬಂದ ಬಣ್ಣವನ್ನು ಬಹುತೇಕ ಬೆರಸದೆಯೇ ಚಾಕುವಿನಿಂದ ಹರಡುತ್ತಿದ್ದನು. ಬಳಸಿದ ಬಣ್ಣ ಯಾವುದು, ಯಾವ ತಯಾರಕನದು ಎಂಬುದನ್ನು ಹಲಗೆಯ ಹಿಂಬದಿಯಲ್ಲಿ ಬರೆದಿಡುತ್ತಿದ್ದನು. ಪಟ್ಟಿಯ ನೆರವಿಲ್ಲದೆ ಎಳೆದ ಆ ಅಂಚುಗಳಲ್ಲಿ ಹತ್ತಿರದಿಂದ ನೋಡಿದರೆ ಕೈಯ ಅಲುಗು ಕಾಣುತ್ತದೆ. ಒಂದೇ ಬಣ್ಣ ಪಕ್ಕದ ಬಣ್ಣಕ್ಕನುಗುಣವಾಗಿ ಬೇರೆ ಬೇರೆಯಾಗಿ ಕಾಣುವುದನ್ನು ತೋರಿಸುವುದೇ ಅವನ ಉದ್ದೇಶವಾಗಿತ್ತು. 1963ರಲ್ಲಿ ಪ್ರಕಟವಾದ ಅವನ ವರ್ಣಪಾಠದ ಗ್ರಂಥದ ತಿರುಳೂ ಅದೇ.

ಎರಡನೆಯದು ತಡೆಯ ಅಂಚು. ಬಣ್ಣ ಎಲ್ಲಿ ಹೋಗಬಾರದೋ ಅಲ್ಲಿ ಅದನ್ನು ತಡೆದು ನಿಲ್ಲಿಸುವುದು, ಅಥವಾ ಆ ಜಾಗವನ್ನು ಖಾಲಿ ಬಿಡುವುದು. ಬಾರ್ನೆಟ್ ನ್ಯೂಮನ್ 1948ರಲ್ಲಿ ಕಂದುಗೆಂಪು ಕ್ಯಾನ್ವಾಸಿನ ನಡುವೆ ಅಂಟುಪಟ್ಟಿಯೊಂದನ್ನು ಹಚ್ಚಿ, ಅದನ್ನು ಕಿತ್ತುಹಾಕುವ ಬದಲು ಅದರ ಮೇಲೆಯೇ ಕೆಂಪು ಬಳಿದು ನಿಲ್ಲಿಸಿದನು. 1959ರ ಸುಮಾರಿಗೆ ಫ್ರಾಂಕ್ ಸ್ಟೆಲ್ಲಾ ಗೋಡೆಗೆ ಬಳಿಯುವ ಕಪ್ಪು ಎನಾಮೆಲ್ ಬಣ್ಣವನ್ನು ಬಣ್ಣ ಬಳಿಯುವವರ ಕುಂಚದಿಂದಲೇ ಪಟ್ಟೆಪಟ್ಟೆಯಾಗಿ ಬಳಿದನು. ಪಟ್ಟೆಗಳ ನಡುವೆ ಬಿಳಿಗೆರೆಯಂತೆ ಕಾಣುವುದು ಗೆರೆಯಲ್ಲ, ಬಣ್ಣ ಮುಟ್ಟದೆ ಬಿಟ್ಟ ಬರಿಯ ಬಟ್ಟೆ.

ಮೂರನೆಯದು ಜೋಡಣೆಯ ಅಂಚು. ಫ್ರಾನ್ಸಿನಲ್ಲಿದ್ದ ಕಾಲದಲ್ಲಿ, 1951ರಲ್ಲಿ, ಎಲ್ಸ್‌ವರ್ತ್ ಕೆಲ್ಲಿ ಒಂದು ದೊಡ್ಡ ಗೋಡೆಗಾಗಿ 64 ಚೌಕ ಫಲಕಗಳ ಚಿತ್ರವನ್ನು ರಚಿಸಿದನು. ಸಾಲಿಗೆ ಎಂಟರಂತೆ ಎಂಟು ಸಾಲು. ಪ್ರತಿ ಫಲಕಕ್ಕೂ ಒಂದೇ ಬಣ್ಣ. ಇಲ್ಲಿ ಎರಡು ಬಣ್ಣಗಳು ಒಂದೇ ಬಟ್ಟೆಯ ಮೇಲೆ ಸಂಧಿಸುವುದೇ ಇಲ್ಲ. ಅಂಚೆಂದರೆ ಎರಡು ಫಲಕಗಳ ನಡುವಿನ ಸಂದು. ಚಿತ್ರಕಾರ ಇಲ್ಲಿ ಅಂಚನ್ನು ಬಿಡಿಸಿಲ್ಲ, ವಸ್ತುಗಳನ್ನು ಒತ್ತಟ್ಟಿಗೆ ಇಟ್ಟು ಅದನ್ನು ಪಡೆದಿದ್ದಾನೆ.

5. ಕರ್ನಾಟಕದ ಸಾಕ್ಷ್ಯ

ಇದೇ ಮೂರು ವಿಧಾನಗಳನ್ನು ಇಟ್ಟುಕೊಂಡು ಕರ್ನಾಟಕದ ಕಸುಬುಗಳತ್ತ ತಿರುಗಿದರೆ ಆಶ್ಚರ್ಯಕರವಾದ ಹೊಂದಿಕೆ ಕಂಡುಬರುತ್ತದೆ.

ಕೈಹಿಡಿತದ ಅಂಚಿಗೆ ಮಲೆನಾಡಿನ ಹಸೆ ಚಿತ್ತಾರ ನಿದರ್ಶನ. ಸಾಗರ, ಸೊರಬದ ಸುತ್ತಿನ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆಯ ಸಂದರ್ಭದಲ್ಲಿ ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಹುರಿದು ಕಪ್ಪಾಗಿಸಿದ ಅಕ್ಕಿಯಿಂದ ಕರಿ, ಗುರಿಗೆ ಕಾಯಿಯಿಂದ ಹಳದಿ; ಬಣ್ಣಗಳ ಲೆಕ್ಕ ನಾಲ್ಕಕ್ಕೆ ಮುಗಿಯುತ್ತದೆ. ಕುಂಚವೆಂದರೆ ಪುಂಡಿಯ ನಾರು. ಅಳತೆಪಟ್ಟಿಯಿಲ್ಲದೆ, ಒಂದರ ಪಕ್ಕ ಒಂದರಂತೆ ಎಳೆಗಳನ್ನು ಸಮಾನಾಂತರವಾಗಿ ಎಳೆದು ಚೌಕ–ತ್ರಿಕೋನಗಳನ್ನು ಕಟ್ಟುವ ಈ ಬರವಣಿಗೆ ಅಭ್ಯಾಸದಿಂದ ಬಂದ ಕೈಯನ್ನು ಬೇಡುತ್ತದೆ. ಒದ್ದೆ ಹಿಟ್ಟು ಒಣಗುವ ಮುನ್ನ ಎಳೆ ಮುಗಿಯಬೇಕು. ಒಮ್ಮೆ ಬಿದ್ದ ಬಿಳಿಯನ್ನು ಅಳಿಸಿದರೆ ಕೆಮ್ಮಣ್ಣಿನ ತಳವೂ ಕೆಡುತ್ತದೆ.

ತಡೆಯ ಅಂಚಿಗೆ ಕರಾವಳಿಯ ಕಾವಿ ಕಲೆಗಿಂತ ಉತ್ತಮ ಉದಾಹರಣೆ ದೊರೆಯದು. ಉತ್ತರ ಕನ್ನಡದ ಕುಮಟಾ, ಅಂಕೋಲಾಗಳಿಂದ ಗೋವೆಯವರೆಗಿನ ದೇವಾಲಯಗಳ ಗೋಡೆಗಳಲ್ಲಿ ಕಾಣುವ ಈ ಕಲೆಯನ್ನು ಕೃಷ್ಣಾನಂದ ಕಾಮತರು ಊರೂರು ತಿರುಗಿ ದಾಖಲಿಸಿ ಕನ್ನಡಿಗರ ಗಮನಕ್ಕೆ ತಂದರು. ಇಲ್ಲಿ ಬಣ್ಣಗಳು ಎರಡೇ: ಸುಣ್ಣದ ಬಿಳಿ, ಕೆಂಪು ಮಣ್ಣಿನ ಕಾವಿ. ಗಿಲಾಯದ ಮೇಲೆ ಕಾವಿಯ ತೆಳುಪದರ ಬಳಿದು, ಅದು ಹಸಿಯಿರುವಾಗಲೇ ಮೊನಚಾದ ಉಪಕರಣದಿಂದ ಕೆರೆದು ಕೆಳಗಿನ ಬಿಳಿಯನ್ನು ಹೊರಗೆಡಹುತ್ತಾರೆ. ದೇವತಾಮೂರ್ತಿಗಳ ಸುತ್ತ ಪಟ್ಟಿಕೆಗಳಲ್ಲಿ ಕೈವಾರ ಹಿಡಿದು ತಿರುವಿದ ವೃತ್ತಗಳು, ದಳಗಳು, ಚೌಕಳಿಗಳು ಹಬ್ಬಿರುತ್ತವೆ. ಬಿಳಿ ಇಲ್ಲಿ ಬಳಿದ ಬಣ್ಣವಲ್ಲ, ಕೆಂಪನ್ನು ತೆಗೆದುದರಿಂದ ಉಳಿದದ್ದು. ಸ್ಟೆಲ್ಲಾನ ಪಟ್ಟೆಗಳ ನಡುವೆ ಬರಿಯ ಬಟ್ಟೆ ಮಾಡುವ ಕೆಲಸವನ್ನೇ ಇಲ್ಲಿ ಸುಣ್ಣ ಮಾಡುತ್ತದೆ. ಗೋಡೆಯ ಮೈಯಲ್ಲೇ ಅಂಚು ಕೊರೆಯಲ್ಪಟ್ಟಿರುವುದರಿಂದ ಮಳೆಗಾಲದ ತೇವವನ್ನೂ ಅದು ತಾಳಿಕೊಂಡು ಬಂದಿದೆ.

ಜೋಡಣೆಯ ಅಂಚಿಗೆ ಇಳಕಲ್ಲಿನ ಸೀರೆ. ಇದರ ತಂತ್ರ ಸ್ವಲ್ಪ ವಿಸ್ತಾರವಾದ ವಿವರಣೆಗೆ ಅರ್ಹವಾಗಿದೆ. ಸಾಮಾನ್ಯ ಸೀರೆಯಲ್ಲಿ ಹಾಸು ಒಡಲಿನಿಂದ ಸೆರಗಿನ ತುದಿಯವರೆಗೆ ಒಂದೇ ಆಗಿರುತ್ತದೆ. ಅಂಥ ಮಗ್ಗದಲ್ಲಿ ಸೆರಗಿಗೆ ಬೇರೆ ಬಣ್ಣದ ಹೊಕ್ಕು ಹಾಕಿದರೂ ಒಡಲಿನ ಹಾಸು ಅದರೊಳಗೆ ಇಣುಕಿ ಬಣ್ಣ ಮಬ್ಬಾಗುತ್ತದೆ. ಇಳಕಲ್ಲಿನ ನೇಕಾರ ಇದನ್ನು ಒಪ್ಪಲಿಲ್ಲ. ಅವನು ಒಡಲಿನ ಹಾಸನ್ನೇ ಬೇರೆ, ಸೆರಗಿನ ಹಾಸನ್ನೇ ಬೇರೆ ಸಿದ್ಧಪಡಿಸಿ, ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಬೆಸೆಯುತ್ತಾನೆ. ಈ ಬೆಸುಗೆಗೆ ಕೊಂಡಿ ಎಂದು ಹೆಸರು. ಹೀಗಾಗಿ ಒಡಲಿನ ಬಣ್ಣ ಕೊಂಡಿಯವರೆಗೆ ಬಂದು ಅಲ್ಲಿಯೇ ನಿಲ್ಲುತ್ತದೆ. ಆಚೆಗೆ ಸೆರಗಿನ ರೇಷ್ಮೆಯ ಕೆಂಪು ತನ್ನ ಪೂರ್ಣ ಶಕ್ತಿಯಲ್ಲಿ ಆರಂಭವಾಗುತ್ತದೆ. ತೋಪು ತೆನೆ ಎಂದು ಪ್ರಸಿದ್ಧವಾದ ಈ ಸೆರಗಿನಲ್ಲಿ ಕೆಂಪು–ಬಿಳಿಗಳ ಪಟ್ಟೆಗಳು ಪರಸ್ಪರ ಹಲ್ಲು ಕಚ್ಚಿಕೊಂಡಂತೆ ಕೂಡುತ್ತವೆ. ಬಾಚಣಿಗೆಯ ಹಲ್ಲಿನಂತಿರುವುದು ಹಣಿಗೆ, ಕೋಟೆಯ ತೆನೆಯಂತಿರುವುದು ಕೋಟಿ ಕಮ್ಮಳಿ, ಜೋಳದ ತೆನೆಯನ್ನು ಹೋಲುವುದು ತೋಪು ತೆನೆ, ಬೆಟ್ಟದ ಸಾಲಿನಂತಿರುವುದು ರಂಪ. ನಾಲ್ಕೂ ಹೆಸರುಗಳು ಎರಡು ಬಣ್ಣಗಳ ಅಂಚು ಸಾಗುವ ಬಗೆಯನ್ನು ಹೇಳುತ್ತವೆ ಎಂಬುದು ಗಮನಾರ್ಹ. ಅಂಚಿನ ಆಕಾರಗಳಿಗೇ ಪ್ರತ್ಯೇಕ ಹೆಸರುಗಳಿರುವ ಇಂಥ ಪರಿಭಾಷೆ ಆಧುನಿಕ ಕಲಾವಿಮರ್ಶೆಯ ಇಂಗ್ಲಿಷಿನಲ್ಲಿಯೂ ಸುಲಭವಾಗಿ ಸಿಗದು.

ಜೋಡಣೆಯ ಇನ್ನೊಂದು ರೂಪ ಕೌದಿ. ಹಳೆಯ ಸೀರೆ–ಧೋತರಗಳ ತುಂಡುಗಳನ್ನು ಅಂಚು ಮಡಚಿ ಒಂದರ ಪಕ್ಕ ಒಂದಿಟ್ಟು ಹೊಲಿದ ಈ ಹೊದಿಕೆ ಉತ್ತರ ಕರ್ನಾಟಕದ ಮನೆಮನೆಯಲ್ಲಿ ಬಳಕೆಯಲ್ಲಿತ್ತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಸಿದ್ದಿ ಮಹಿಳೆಯರು ಕವಂದಿ ಎಂದು ಕರೆಯುವ ಇಂಥ ಹೊದಿಕೆಗಳಲ್ಲಿ ಹೊಲಿಗೆ ಹೊರ ಅಂಚಿನಿಂದ ಆರಂಭವಾಗಿ ಸುತ್ತು ಸುತ್ತಾಗಿ ನಡುವಿನತ್ತ ಸಾಗುತ್ತದೆ. ನಾಲ್ಕು ಮೂಲೆಗಳಿಗೆ ಮಡಚಿದ ಬಟ್ಟೆಯ ತ್ರಿಕೋನಾಕಾರದ ಹೂವುಗಳನ್ನು ಸೇರಿಸದೆ ಕವಂದಿ ಪೂರ್ಣವಾಗುವುದಿಲ್ಲ. ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಇವುಗಳ ಕುರಿತು ನಡೆಸಿದ ಅಧ್ಯಯನದ ಮೂಲಕ ಕವಂದಿಗಳು ಹೊರದೇಶದ ಪ್ರದರ್ಶನಶಾಲೆಗಳ ಗೋಡೆಯನ್ನೂ ಏರಿವೆ.

ಈ ಹೋಲಿಕೆಗಳಿಂದ 'ನಮ್ಮಲ್ಲಿ ಇದೆಲ್ಲ ಮೊದಲೇ ಇತ್ತು' ಎಂಬ ತೀರ್ಮಾನಕ್ಕೆ ಹಾರುವುದು ಸಲ್ಲದು. ಚಿತ್ತಾರ ಮದುವೆಯ ಮನೆಯ ಮಂಗಳಕ್ಕೆ ಸೇರಿದ್ದು, ಕಾವಿ ದೇವರ ಗೋಡೆಗೆ, ಸೀರೆ ಮೈಗೆ, ಕೌದಿ ಮಲಗುವ ಮಗುವಿಗೆ. ಇವುಗಳನ್ನು ಮಾಡಿದವರಿಗೆ ಚಿತ್ರವನ್ನು ಕಥೆಯಿಂದ, ಮೂರ್ತಿಯಿಂದ ಬಿಡಿಸುವ ಉದ್ದೇಶವಿರಲಿಲ್ಲ. 1915ರಲ್ಲಿ ಮಾಲೆವಿಚ್ ಕಪ್ಪು ಚೌಕವನ್ನು ತೂಗುಹಾಕಿದ್ದು ಒಂದು ಚಿತ್ರಪರಂಪರೆಯ ವಿರುದ್ಧ ಹೂಡಿದ ವಾದ. ತೋಪು ತೆನೆಯ ನೇಕಾರ ಯಾರ ವಿರುದ್ಧವೂ ವಾದಿಸುತ್ತಿರಲಿಲ್ಲ. ಉದ್ದೇಶಗಳು ಭಿನ್ನ. ಸಮಾನವಾಗಿರುವುದು ಸಮಸ್ಯೆ: ಎರಡು ಶುದ್ಧ ಬಣ್ಣಗಳನ್ನು ಒಂದನ್ನೊಂದು ಕೆಡಿಸದಂತೆ ನೆರೆಹೊರೆಯಲ್ಲಿ ಇರಿಸುವುದು ಹೇಗೆ? ಆ ಸಮಸ್ಯೆಗೆ ಕಂಡುಕೊಂಡ ಪರಿಹಾರಗಳೂ ಒಂದೇ ಬಗೆಯವು.

6. ಮಾಟುಂಗಾದ ಬಣ್ಣ, ಮುಂಬಯಿಯ ಚಿತ್ರ

ಈಗ ಮತ್ತೆ ಆಂಟಾಪ್ ಹಿಲ್‌ನ ಪಶ್ಚಿಮದ ತಗ್ಗಿಗೆ ಬರೋಣ. ಖಚಿತ ಅಂಚಿನ ಚಿತ್ರಕ್ಕೆ ಬೇಕಾದ ಸಮನಾದ, ತೀವ್ರವಾದ, ಪ್ರತಿ ಸಲವೂ ಒಂದೇ ರೀತಿಯಲ್ಲಿ ದೊರೆಯುವ ಬಣ್ಣ ರಾಸಾಯನಿಕ ಉದ್ಯಮದ ಕೊಡುಗೆ. 1856ರಲ್ಲಿ ಪರ್ಕಿನ್ ಮೊದಲ ಕೃತಕ ನೇರಿಳೆ ಬಣ್ಣವನ್ನು ಕಂಡುಹಿಡಿದನು. 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದು ಭಾರತದ ನೀಲಿ ಬೇಸಾಯವನ್ನು ಮುಳುಗಿಸಿತು. ಬಟ್ಟೆಗಿರಣಿಗಳ ನಗರವಾದ ಮುಂಬಯಿಗೆ ಬಣ್ಣದ ವಿಜ್ಞಾನ ಅನಿವಾರ್ಯವಾಯಿತು. 1933ರಲ್ಲಿ ಆರಂಭವಾದ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗದ ಮೊದಲ ಎರಡು ಶಾಖೆಗಳಲ್ಲಿ ಒಂದು ಜವಳಿ ರಸಾಯನಕ್ಕೆ ಮೀಸಲಾಗಿತ್ತು. 1938ರಿಂದ 1957ರವರೆಗೆ ಅದರ ನಿರ್ದೇಶಕರಾಗಿದ್ದ ಕೆ. ವೆಂಕಟರಾಮನ್ ಕೃತಕ ಬಣ್ಣಗಳ ರಸಾಯನವನ್ನು ಕುರಿತು 1952ರಿಂದ ಹೊರತಂದ ಬೃಹತ್ ಸಂಪುಟಗಳು ಲೋಕಮಾನ್ಯವಾದವು. ಆ ವಿಭಾಗ 2008ರಲ್ಲಿ ಸ್ವತಂತ್ರ ಮಾನಿತ ವಿಶ್ವವಿದ್ಯಾಲಯವಾಯಿತು.

ಬಣ್ಣದ ಡಬ್ಬಿ ಮನೆಮನೆಗೆ ಬಂದದ್ದೂ ಇದೇ ಅವಧಿಯಲ್ಲಿ. 1942ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಏಷ್ಯನ್ ಪೇಂಟ್ಸ್ ಸಂಸ್ಥೆಯ ಡಬ್ಬಿಯ ಮೇಲೆ 1954ರಿಂದ ಕುಂಚ ಹಿಡಿದು ನಿಂತ ತುಂಟ ಹುಡುಗ ಗಟ್ಟುವನ್ನು ಬಿಡಿಸಿದವರು ಮೈಸೂರಿನ ಆರ್.ಕೆ. ಲಕ್ಷ್ಮಣ್. ಬಾಗಿಲಿಗೆ, ಕಿಟಕಿಗೆ, ಅಂಗಡಿಯ ಫಲಕಕ್ಕೆ ಬಳಿಯುವ ಎನಾಮೆಲ್ ಬಣ್ಣ ತಾನಾಗಿಯೇ ಹರಿದು ಸಮನಾಗುತ್ತದೆ, ಕುಂಚದ ಗುರುತನ್ನು ನುಂಗಿಕೊಳ್ಳುತ್ತದೆ. ತೈಲವರ್ಣದಲ್ಲಿ ಕಲಿತ ಚಿತ್ರಕಾರನಿಗೆ ಇದು ದೋಷ. ಸಮತಲ ಬಣ್ಣ ಬೇಕಾದವನಿಗೆ ಇದೇ ಗುಣ.

ಈ ಗುಣವನ್ನು ಮುಂಬಯಿಯಲ್ಲಿ ಅತ್ಯಂತ ವಿವೇಕದಿಂದ ಬಳಸಿಕೊಂಡವರು ಪ್ರಭಾಕರ ಬರ್ವೆ (1936–1995). ಜೆ.ಜೆ. ಶಾಲೆಯಿಂದ ಹೊರಬಂದ ಅವರು 1961ರಲ್ಲಿ ಕೈಮಗ್ಗ ಇಲಾಖೆಯ ನೇಕಾರರ ಸೇವಾಕೇಂದ್ರವನ್ನು ಸೇರಿ, ಮೊದಲು ವಾರಾಣಸಿಯಲ್ಲಿ, ಅನಂತರ ಮುಂಬಯಿಯಲ್ಲಿ, 1982ರವರೆಗೆ ವಿನ್ಯಾಸಕಾರರಾಗಿದ್ದರು. ಅಂದರೆ ಸುಮಾರು ಎರಡು ದಶಕಗಳ ಕಾಲ ಹಗಲಿನಲ್ಲಿ ಮಗ್ಗದ ಭಾಷೆಯಲ್ಲಿ ಯೋಚಿಸಿದ ಚಿತ್ರಕಾರ ಅವರು. ವಿಶಾಲವಾದ ಖಾಲಿ ಸಮತಲ, ಅದರಲ್ಲಿ ಎಲೆ, ಗಡಿಯಾರ, ಪೆಟ್ಟಿಗೆಯಂಥ ಕೆಲವೇ ವಸ್ತುಗಳ ಕತ್ತರಿಸಿಟ್ಟಂಥ ಆಕೃತಿಗಳು – ಬರ್ವೆಯವರ ಎನಾಮೆಲ್ ಚಿತ್ರಗಳು ಪೂರ್ಣ ಅಮೂರ್ತವಲ್ಲ. ಆದರೆ ಅಂಚಿನ ಶಿಸ್ತು, ಬಣ್ಣದ ಮಿತಿ ಅಲ್ಲಿ ಸ್ಪಷ್ಟ. ಈ ಶಿಸ್ತನ್ನು ವಿವರಿಸಲು ಪ್ಯಾರಿಸ್–ನ್ಯೂಯಾರ್ಕುಗಳಿಗೆ ಹೋಗುವ ಮುನ್ನ ವಾರಾಣಸಿಯ ಮಗ್ಗದ ಗುಂಡಿಯನ್ನು ನೋಡಬೇಕು. ನೇಕಾರರ ಸೇವಾಕೇಂದ್ರಗಳ ಮೂಲಕ ಚಿತ್ರಕಾರರು ಮಗ್ಗಕ್ಕೆ ವಿನ್ಯಾಸ ಕೊಟ್ಟರೆಂದು ಬರೆಯುವುದು ವಾಡಿಕೆ. ಮಗ್ಗ ಚಿತ್ರಕಾರರಿಗೆ ಏನು ಕೊಟ್ಟಿತೆಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆ.

ಅಕ್ಬರ್ ಪದಂಸಿಯವರ (1928–2020) ಪ್ರಯೋಗ ಇನ್ನೊಂದು ದಿಕ್ಕಿನದು. ನೆಹರೂ ಫೆಲೋಶಿಪ್ಪಿನ ನೆರವಿನಿಂದ ಅವರು 1969ರಲ್ಲಿ ಮುಂಬಯಿಯಲ್ಲಿ ಕಲಾವಿದರ ಕಾರ್ಯಾಗಾರವೊಂದನ್ನು ತೆರೆದು, ಅಲ್ಲಿ 'ಸಿಜಿಜಿ' ಎಂಬ ಕಿರುಚಿತ್ರವನ್ನು ತಯಾರಿಸಿದರು. ಸಂಖ್ಯೆಗಳಿಂದ ಹುಟ್ಟಿದ ಜ್ಯಾಮಿತೀಯ ರೇಖಾಚಿತ್ರಗಳನ್ನು ರಾಮ್ ಮೋಹನ್ ಅವರ ನೆರವಿನಿಂದ ಚಲಿಸುವಂತೆ ಮಾಡಿದ ಆ ಕೃತಿಯಲ್ಲಿ ಕಥೆಯೂ ಇಲ್ಲ, ಶಬ್ದವೂ ಇಲ್ಲ. ಮೊದಲೇ ನಿಗದಿಯಾದ ಲೆಕ್ಕದಿಂದ ಆಕೃತಿ ತಾನಾಗಿ ಮೂಡುವ ಈ ಕ್ರಮವೂ ಮಗ್ಗದ ಕ್ರಮಕ್ಕೆ ದೂರದ್ದಲ್ಲ.

ದೆಹಲಿಯಲ್ಲಿ 1967ರಲ್ಲಿ ಅಮೆರಿಕದ ಎರಡು ದಶಕಗಳ ಚಿತ್ರಕಲೆಯ ಪ್ರದರ್ಶನ ನಡೆದು, ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ ಅದರೊಂದಿಗೆ ಬಂದಿದ್ದನು. ಪ್ರಭಾವದ ವಾದಕ್ಕೆ ಇದು ಮುಖ್ಯ ಆಧಾರ. ಅದರ ಹಿಂದಿನ ವರ್ಷ ಅಜಿತ್ ಮುಖರ್ಜಿಯವರ ತಂತ್ರಕಲೆಯ ಗ್ರಂಥ ಪ್ರಕಟವಾಗಿತ್ತು. ಸಂಕೇತದ ವಾದಕ್ಕೆ ಅದು ಆಧಾರ. ಜಗದೀಶ್ ಸ್ವಾಮಿನಾಥನ್ ಆ ದಶಕದ ಉತ್ತರಾರ್ಧದಲ್ಲಿ ರಚಿಸಿದ ವರ್ಣಜ್ಯಾಮಿತಿಯ ಮಾಲಿಕೆಯನ್ನೂ, ಸೈಯದ್ ಹೈದರ್ ರಝಾ ಮುಂದೆ ಕೈಗೊಂಡ ಬಿಂದುವಿನ ಚಿತ್ರಗಳನ್ನೂ ಈ ಎರಡು ವಾದಗಳ ನಡುವೆ ಹಂಚಲಾಗಿದೆ. ಆದರೆ ಎರಡೂ ಆಧಾರಗಳು ಗ್ರಂಥ ಮತ್ತು ಪ್ರದರ್ಶನಗಳ ಆಧಾರಗಳು. ಕೈಕೆಲಸದ ಆಧಾರ ಅಲ್ಲಿಲ್ಲ.

7. ಸರಳತೆಯ ಅರ್ಥ

ಈ ಹಿನ್ನೆಲೆಯಲ್ಲಿ ಸರಳತೆಯೆಂಬ ಪದವನ್ನು ಮರುಪರಿಶೀಲಿಸಬೇಕು. ಮೂರು ಚೌಕಗಳ ಚಿತ್ರವನ್ನು ಕಂಡು 'ಇದನ್ನು ಯಾರು ಬೇಕಾದರೂ ಮಾಡಬಹುದು' ಎನ್ನುವವರಿದ್ದಾರೆ. ಕೌದಿಯನ್ನು ಕಂಡು 'ಬಡವರ ಹೊದಿಕೆ' ಎನ್ನುವವರೂ ಇದ್ದಾರೆ. ಎರಡೂ ಮಾತುಗಳ ಹಿಂದೆ ಒಂದೇ ಭ್ರಮೆಯಿದೆ. ಕಡಿಮೆ ಅಂಶಗಳಿರುವಲ್ಲಿ ಕಡಿಮೆ ಶ್ರಮವಿದೆ ಎಂಬ ಭ್ರಮೆ ಅದು.

ವಾಸ್ತವ ಇದಕ್ಕೆ ವಿರುದ್ಧ. ಅಂಶಗಳು ಕಡಿಮೆಯಾದಷ್ಟೂ ತಪ್ಪಿಗೆ ಮರೆ ಕಡಿಮೆ. ನೂರು ಬಣ್ಣಗಳ ಭೂದೃಶ್ಯದಲ್ಲಿ ಒಂದು ಅಂಚು ಅಲುಗಿದರೆ ಕಣ್ಣಿಗೆ ಬೀಳದು. ಕಾವಿಯ ಕೆಂಪು–ಬಿಳಿಗಳ ನಡುವೆ ಕೈ ಒಂದು ಎಳೆಯಷ್ಟು ಜಾರಿದರೂ ಗೋಡೆ ಅದನ್ನು ಮುಚ್ಚಿಡುವುದಿಲ್ಲ. ಆದ್ದರಿಂದ ಈ ಕಸುಬುಗಳಲ್ಲಿ ನಿರ್ಧಾರಗಳೆಲ್ಲ ಕೆಲಸಕ್ಕಿಂತ ಮುಂಚೆಯೇ ಆಗಿರಬೇಕು. ಹಾಸು ಹೂಡುವಾಗಲೇ ಇಳಕಲ್ಲಿನ ಸೀರೆಯ ಬಣ್ಣ, ದಡಿಯ ಅಗಲ, ಕೊಂಡಿಯ ಸ್ಥಾನ ನಿಶ್ಚಯವಾಗಿರುತ್ತವೆ. ನೇಯುವಾಗ ಮನಸ್ಸು ಬದಲಾಯಿಸಲು ಅವಕಾಶವಿಲ್ಲ. ಕೆಲ್ಲಿಯ 64 ಫಲಕಗಳೂ ಹಾಗೆಯೇ. ಸರಳತೆ ಇಲ್ಲಿ ಆರಂಭದ ಸ್ಥಿತಿಯಲ್ಲ, ಅನೇಕ ಸಾಧ್ಯತೆಗಳನ್ನು ಒಂದೊಂದಾಗಿ ಕೈಬಿಟ್ಟ ಮೇಲೆ ಉಳಿದ ಫಲ.

ಹೀಗಿದ್ದೂ ಆಲ್ಬರ್ಸ್ ಬಳಸಿದ ಬಣ್ಣದ ತಯಾರಕನ ಹೆಸರೂ ಹಲಗೆಯ ಹಿಂಬದಿಯಲ್ಲಿ ದಾಖಲಾಗಿದೆ. ಕೊಂಡಿ ಹಾಕಿದವಳ ಹೆಸರು ಸೀರೆಯ ಮೇಲೆ ಎಲ್ಲಿಯೂ ಇಲ್ಲ. ಕೊಂಡಿ ಬೆಸೆಯುವ ಪೂರ್ವಸಿದ್ಧತೆಯ ಕೆಲಸದಲ್ಲಿ ನೇಕಾರ ಮನೆಯ ಹೆಂಗಸರ ಪಾಲು ದೊಡ್ಡದು. ಕೌದಿ, ಚಿತ್ತಾರಗಳಂತೂ ಹೆಂಗಸರವೇ. ಜಾನಪದ ಎಂಬ ಶಿರೋನಾಮೆಯ ಕೆಳಗೆ ಇವರನ್ನು ಸಾಮೂಹಿಕವಾಗಿ ಸೇರಿಸಿದ್ದರಿಂದ ಇವರ ನಿರ್ಧಾರಗಳು ನಿರ್ಧಾರಗಳಾಗಿ ಕಾಣದೆ ಸಂಪ್ರದಾಯದಂತೆ ಕಾಣುತ್ತ ಬಂದಿವೆ. ಚರಿತ್ರಕಾರರು ಸರಿಪಡಿಸಬೇಕಾದ ಅನ್ಯಾಯ ಇದು.

8. ಆಗಬೇಕಾದ ಕೆಲಸ

ಕರ್ನಾಟಕದ ಹೊರಗಿರುವ ಕನ್ನಡ ಸಂಶೋಧಕರಿಗೆ ಇಲ್ಲಿ ವಿಶೇಷವಾದ ಹೊಣೆಯಿದೆ. ಮುಂಬಯಿಯ ಗುಡಿಸಲು ಪ್ರದೇಶಗಳಿಂದ ಕುಟುಂಬಗಳು ಬಹುಮಹಡಿ ಕಟ್ಟಡಗಳಿಗೆ ಸ್ಥಳಾಂತರಗೊಳ್ಳುವಾಗ ಮೊದಲು ಬಿಟ್ಟುಹೋಗುವುದು ಹಳೆಯ ಬಟ್ಟೆಯ ಗಂಟು. ಗಂಟಿನೊಂದಿಗೆ ಕೌದಿ ಹೋಗುತ್ತದೆ. ಕೌದಿಯೊಂದಿಗೆ ಅದನ್ನು ಹೊಲಿಯುವ ಮಾತುಗಳೂ ಹೋಗುತ್ತವೆ. ಆಂಟಾಪ್ ಹಿಲ್, ವಡಾಲಾ, ಸಾಯನ್‌ಗಳ ಕನ್ನಡ ಮನೆಗಳಲ್ಲಿ ಮೂರು ಬಗೆಯ ದಾಖಲಾತಿ ನಡೆಯಬೇಕೆಂದು ನಾವು ಸೂಚಿಸುತ್ತೇವೆ. ಮೊದಲನೆಯದಾಗಿ, ಅಂಚು, ದಡಿ, ಸೆರಗು, ತೆನೆ, ತುಂಡು, ಹೊಲಿಗೆಗಳಿಗೆ ಸಂಬಂಧಿಸಿದ ಪದಗಳನ್ನು ಆಯಾ ಜಿಲ್ಲೆಯ ಉಚ್ಚಾರಣೆಯೊಂದಿಗೆ ಸಂಗ್ರಹಿಸುವುದು. ಎರಡನೆಯದಾಗಿ, ಮನೆಯಲ್ಲಿ ಉಳಿದ ಕೌದಿ–ಸೀರೆಗಳನ್ನು ಅಳತೆ, ಬಣ್ಣ, ಹೊಲಿಗೆಯ ಕ್ರಮಗಳೊಂದಿಗೆ ಚಿತ್ರೀಕರಿಸುವುದು. ಮೂರನೆಯದಾಗಿ, ಒಪ್ಪಿಗೆ ಪಡೆದು, ಅವನ್ನು ಮಾಡಿದವರ ಹೆಸರನ್ನು ಅವರು ಬಯಸಿದ ರೀತಿಯಲ್ಲಿ ನಮೂದಿಸುವುದು, ಬಯಸದಿದ್ದಲ್ಲಿ ಬಿಡುವುದು.

ಈ ಕೆಲಸಕ್ಕೆ ಕಲಾಚರಿತ್ರೆಯ ವಿಭಾಗವೂ ಕನ್ನಡ ವಿಭಾಗವೂ ಕೈಜೋಡಿಸಬೇಕಾಗುತ್ತದೆ. ಪದಗಳನ್ನು ಬಲ್ಲವರಿಗೆ ಚಿತ್ರದ ಪರಿಚಯ ಸಾಲದು, ಚಿತ್ರವನ್ನು ಬಲ್ಲವರಿಗೆ ಪದಗಳು ತಿಳಿಯವು. ಹಣಿಗೆ, ಕೋಟಿ ಕಮ್ಮಳಿ, ರಂಪ, ಕೊಂಡಿ ಎಂಬ ಪದಗಳು ಆಧುನಿಕ ಚಿತ್ರವನ್ನು ವಿವರಿಸುವ ಕನ್ನಡಕ್ಕೂ ಒದಗಿಬರಬಲ್ಲವು. ಕೆಲ್ಲಿಯ ಫಲಕಗಳ ಸಂದನ್ನು ಕೊಂಡಿಯ ಅಂಚೆಂದೂ, ಸ್ಟೆಲ್ಲಾನ ಬರಿಯ ಬಟ್ಟೆಯ ಪಟ್ಟಿಯನ್ನು ಕಾವಿಯ ಅಂಚೆಂದೂ ಹೆಸರಿಸಿದರೆ, ಕನ್ನಡ ಓದುಗನಿಗೆ ಆ ಚಿತ್ರಗಳು ಇನ್ನಷ್ಟು ಹತ್ತಿರವಾಗುತ್ತವೆ. ಜೊತೆಗೆ ತನ್ನ ಮನೆಯ ಹೊದಿಕೆಯನ್ನು ಅವನು ಹೊಸದಾಗಿ ನೋಡಲು ಕಲಿಯುತ್ತಾನೆ. ಇಂಥ ಪರಿಭಾಷೆಯ ಕೋಶವೊಂದನ್ನು ಸಿದ್ಧಪಡಿಸುವ ಕಾರ್ಯವನ್ನು ಹೊರನಾಡಿನ ಕನ್ನಡ ಪೀಠಗಳು ಹಂಚಿಕೊಂಡು ಕೈಗೆತ್ತಿಕೊಳ್ಳಬೇಕೆಂಬುದು ನಮ್ಮ ವಿನಂತಿ.